ಅರವತ್ತು ಓಕೆಗಳ ನಡುವೆ ಒಂದು ಕಲ್ಲು

ನೋಡಮ್ಮ, ಮೊನ್ನೆ ಮನೆಗೆ ಬಂದಾಗ ನಿನ್ನ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪ್ ತೆರೆದು, "ಸಾರ್, ನಾನೂ ಎಲ್ಲಾ ಆನ್‌ಲೈನ್ ಮಾಡಿಬಿಟ್ಟಿದ್ದೀನಿ" ಅಂತ ನನ್ನ ಕೈಗೆ ಫೋನ್ ಕೊಟ್ಟೆ. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಬೆರಳಾಡಿಸಿದೆ. ಗಂಗರ ಆಡಳಿತ, ಪಿಡಿಎಫ್. ಕೆಳಗೆ "ಓಕೆ ಮೇಡಂ", "ಥ್ಯಾಂಕ್ಯೂ ಮೇಡಂ", ಹೆಬ್ಬೆರಳು, ಮತ್ತೆ ಹೆಬ್ಬೆರಳು, ಕೈಮುಗಿದ ಚಿತ್ರ. ಹೊಯ್ಸಳರ ದೇವಾಲಯಗಳು, ಪಿಡಿಎಫ್. ಪುನಃ ಅರವತ್ತು ಓಕೆ. ಇವುಗಳ ನಡುವೆ ಒಬ್ಬ ಹುಡುಗ ತನ್ನ ಹೊಲದ ಬದುವಿನಲ್ಲಿ ನಿಂತ ಕಲ್ಲಿನ ಫೋಟೋ ಹಾಕಿ, "ಇದ್ರಲ್ಲಿ ಏನ್ ಬರ್ದಿದೆ ಮೇಡಂ" ಅಂತ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಕೇಳಿದ್ದ. ಅದಕ್ಕೆ ಯಾರ ಉತ್ತರವೂ ಇರಲಿಲ್ಲ. ಅಷ್ಟರಲ್ಲಿ ನಿನ್ನ ಮುಂದಿನ ಪಿಡಿಎಫ್ ಬಂದು ಅದನ್ನು ಮೇಲಕ್ಕೆ ತಳ್ಳಿತ್ತು.

ಆಗಲೇ ಹೇಳಬೇಕಿತ್ತು. ಕಾಫಿ ಬಂತು, ಮಾತು ನಿನ್ನ ವರ್ಗಾವಣೆಯ ಕಡೆ ತಿರುಗಿತು. ಆ ಕಲ್ಲು ಮಾತ್ರ ನನ್ನ ತಲೆಯಿಂದ ಹೋಗಿಲ್ಲ.

ನಾನೇನು ಇದರಲ್ಲಿ ಪಳಗಿದವನಲ್ಲ. 2020ರಲ್ಲಿ ಕಾಲೇಜು ಮುಚ್ಚಿದಾಗ ರಾತ್ರಿಯೆಲ್ಲ ಕೂತು ನೋಟ್ಸ್ ಟೈಪ್ ಮಾಡಿ ಗ್ರೂಪಿಗೆ ಹಾಕಿದವನು ನಾನು. ನಲವತ್ತು ಫೈಲ್ ಕಳಿಸಿದ್ದೆ. ಪರೀಕ್ಷೆ ಮುಗಿದ ಮೇಲೆ ಒಬ್ಬಳನ್ನು ಕೇಳಿದೆ, "ಎಷ್ಟು ಓದಿದೆ?" "ಎಲ್ಲಾ ಡೌನ್‌ಲೋಡ್ ಮಾಡ್ಕೊಂಡಿದ್ದೀನಿ ಸಾರ್" ಅಂದಳು. ಅವಳಲ್ಲಿ ಕುಹಕ ಇರಲಿಲ್ಲ. ಕಳಿಸುವುದೇ ಪಾಠ ಅಂತ ನಾನು ತಿಳಿದಿದ್ದೆ, ಇಳಿಸಿಕೊಳ್ಳುವುದೇ ಓದು ಅಂತ ಅವಳು ತಿಳಿದಿದ್ದಳು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಆ ಗ್ರೂಪಿಗೆ ಎಲ್ಲರ ನಂಬರನ್ನೂ ಕೇಳದೆ ಸೇರಿಸಿದ್ದೆ. ಒಂದು ಹುಡುಗಿಗೆ ಗುರುತಿಲ್ಲದವರಿಂದ ಅಪರಾತ್ರಿಯಲ್ಲಿ ಕರೆ ಬರತೊಡಗಿತು. ನಂಬರ್ ಹೋದದ್ದು ನಮ್ಮ ಗ್ರೂಪಿನಿಂದಲೇ. ಅವಳ ಅಪ್ಪ ಫೋನ್ ಕಿತ್ತುಕೊಂಡರು, ಕಾಲೇಜನ್ನೂ ಬಿಡಿಸುವ ಮಾತು ಬಂತು. ನಾನು ಮನೆಗೆ ಹೋಗಿ ಕೈಮುಗಿದು ಬಂದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಗುವಿನ ಓದು ಎಷ್ಟು ತೆಳುವಾದ ದಾರದ ಮೇಲೆ ನಿಂತಿರುತ್ತದೆ ಅಂತ ನಿನಗೆ ಹೇಳಬೇಕಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಈಗ ಕಮ್ಯೂನಿಟಿ ಅಂತ ಒಂದು ಏರ್ಪಾಟಿದೆ. ಅದರ ಪ್ರಕಟಣೆ ಗ್ರೂಪಿನಲ್ಲಿ ಒಬ್ಬ ವಿದ್ಯಾರ್ಥಿಯ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಟೈಮ್‌ಟೇಬಲ್, ಪರೀಕ್ಷಾ ಶುಲ್ಕ, ಸ್ಕಾಲರ್‌ಶಿಪ್ಪಿನ ಕೊನೆ ದಿನ, ಇವಷ್ಟನ್ನೂ ಅಲ್ಲಿ ಹಾಕು. ಅದು ಕಾಲೇಜಿನ ನೋಟಿಸ್ ಬೋರ್ಡ್ ಇದ್ದಂತೆ. ನೋಟಿಸ್ ಬೋರ್ಡಿನ ಮುಂದೆ ನಿಂತು ಯಾರೂ ಪಾಠ ಮಾಡುವುದಿಲ್ಲ ತಾನೆ?

ಪಾಠಕ್ಕೆ ಬೇರೆ ಜಾಗ ಬೇಕು. ಮಕ್ಕಳು ಬರೆಯುವ, ಬೇರೆಯವರು ಬಂದು ಓದಿ ತಿದ್ದುವ ಜಾಗ. ಅಂಥದ್ದು ಕನ್ನಡದಲ್ಲೇ ಇದೆ. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ, ನೀನಿನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಿಂದ ಭಾಷಾ ವಿದ್ಯಾರ್ಥಿಗಳಿಗೆ ಅದರಲ್ಲಿ ಲೇಖನ ಬರೆಯುವುದನ್ನೇ ತರಗತಿಯ ಕೆಲಸವಾಗಿ ಕೊಟ್ಟರು. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಯಾರು ಬೇಕಾದರೂ ಬಳಸಿಕೊಳ್ಳಲಿ ಅಂತ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು.

ಆದರೆ ಹುಮ್ಮಸ್ಸಿನಲ್ಲಿ ಇಡೀ ಕಾಲೇಜನ್ನು ಒಮ್ಮೆಲೇ ಇದಕ್ಕೆ ಇಳಿಸಬೇಡ. ಪುಣೆಯಲ್ಲಿ 2011ರಲ್ಲಿ ಹಾಗೇ ಆಯಿತು. ಕೆಲವು ಕಾಲೇಜುಗಳ ವಿದ್ಯಾರ್ಥಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಯಲು ಹಚ್ಚಿದರು. ಬಹಳಷ್ಟು ಮಂದಿ ಪುಸ್ತಕದಿಂದ, ಜಾಲತಾಣದಿಂದ ಎತ್ತಿ ಹಾಗೇ ಸುರಿದರು. ಅಳಿಸುವವರು ಸುಸ್ತಾದರು, ಆ ವರ್ಷ ಮುಗಿಯುವ ಮೊದಲೇ ಯೋಜನೆ ನಿಂತುಹೋಯಿತು. ಮಕ್ಕಳನ್ನು ಬೈದು ಏನು ಪ್ರಯೋಜನ? ನಕಲು ಮಾಡುವುದು ತಪ್ಪು ಅಂತ ಅವರಿಗೆ ಹನ್ನೆರಡು ವರ್ಷ ಯಾರೂ ಹೇಳಿರಲಿಲ್ಲ. ನಮ್ಮ ಅಸೈನ್‌ಮೆಂಟ್‌ಗಳೇ ನಕಲಿನ ಮೇಲೆ ನಡೆಯುತ್ತವೆ. ಡಿಜಿಟಲ್ ಫ್ಲುಯೆನ್ಸಿ ಎಂಬ ಪೇಪರನ್ನೇ ನೋಟ್ಸ್ ಉರು ಹೊಡೆದು ಪಾಸು ಮಾಡಿದ ಮಕ್ಕಳು ನಮ್ಮವರು. ಹಾಗಾಗಿ ಮೊದಲ ವರ್ಷ ಆರೇಳು ಮಂದಿ ಸಾಕು. ವಿಕಿಯಲ್ಲಿ ಪ್ರತಿಯೊಬ್ಬರಿಗೂ ಪ್ರಯೋಗಪುಟ ಅಂತ ಒಂದು ಜಾಗ ಸಿಗುತ್ತದೆ. ಎರಡು ತಿಂಗಳು ಅಲ್ಲೇ ಬರೆಯಲಿ, ನೀನು ಓದು, ಆಮೇಲೆ ಹೊರಗೆ ಬಿಡು. ಇಷ್ಟು ಪದಕ್ಕೆ ಇಷ್ಟು ಮಾರ್ಕ್ಸ್ ಅಂತ ಮಾತ್ರ ಎಂದೂ ಇಡಬೇಡ.

ಏನು ಬರೆಸಲಿ ಅಂತ ಕೇಳುತ್ತೀಯ. ಆ ಹುಡುಗನೇ ತೋರಿಸಿಕೊಟ್ಟಿದ್ದಾನಲ್ಲಮ್ಮ.

ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ 1905ರಲ್ಲಿ ಬಂತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ನಮ್ಮ ನಾಲ್ಕೂ ತಾಲ್ಲೂಕಿನ ಶಾಸನಗಳು ಅದರಲ್ಲಿ ಊರಿನ ಹೆಸರಿನ ಸಮೇತ ಇವೆ. ಕಲ್ಲು ಗುಡಿಯ ಬಾಗಿಲಲ್ಲಿದೆಯೋ, ಕೆರೆ ಏರಿಯ ಮೇಲಿದೆಯೋ, ಯಾರ ಹೊಲದಲ್ಲಿದೆಯೋ ಅದೂ ಇದೆ. ಪುಸ್ತಕ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಅಲ್ಲಿಂದ ಈಚೆಗೆ ನೂರಿಪ್ಪತ್ತು ವರ್ಷ. ಏರಿ ಒಡೆದಿದೆ, ಗುಡಿಗೆ ಗ್ರಾನೈಟ್ ಬಂದಿದೆ, ವಿಮಾನ ನಿಲ್ದಾಣಕ್ಕೆ ಸುಮಾರು 4,000 ಎಕರೆ ಹೋಗಿದೆ, ಮಿಕ್ಕದ್ದು ಲೇಔಟ್ ಆಗುತ್ತಿದೆ. ಯಾವ ಕಲ್ಲು ಇದೆ, ಯಾವುದು ತಳಪಾಯಕ್ಕೆ ಹೋಯಿತು ಅಂತ ನೋಡಬೇಕಲ್ಲ, ಆ ಊರಿನ ಮಕ್ಕಳಿಗಿಂತ ಬೇರೆ ಯಾರು ಬೇಕು? ನಿನ್ನ ಕ್ಲಾಸಿನಲ್ಲಿ ಮೂವತ್ತು ಊರಿನ ಮಕ್ಕಳು ಬಸ್ಸು ಹತ್ತಿ ಬರುತ್ತಾರೆ. ಯಾವ ಸಂಶೋಧಕನಿಗೂ ಇಷ್ಟು ದೊಡ್ಡ ತಂಡ ಇಲ್ಲ.

ಬೆಂಗಳೂರಿನಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಪಿ.ಎಲ್. ಉದಯಕುಮಾರ್ ಅನ್ನುವ ಎಂಜಿನಿಯರ್ ಮತ್ತು ಗೆಳೆಯರು ಫೇಸ್‌ಬುಕ್ಕಿನಲ್ಲಿ ಗುಂಪು ಕಟ್ಟಿಕೊಂಡು ರೈಸರ ಪಟ್ಟಿ ಹಿಡಿದು ಕಲ್ಲುಗಳನ್ನು ಹುಡುಕಿದರು. ಜನ ತಾವು ಕಂಡ ಕಲ್ಲಿನ ಫೋಟೋ ಕಳಿಸತೊಡಗಿದರು. 2018ರಲ್ಲಿ ಹೆಬ್ಬಾಳದಲ್ಲಿ ಮಣ್ಣು ತೋಡುವಾಗ ಸಿಕ್ಕ ಕಿತ್ತಯ್ಯನ ವೀರಗಲ್ಲು ರೈಸರ ಪಟ್ಟಿಯಲ್ಲಿ ಇರಲೇ ಇಲ್ಲ. ಸುಮಾರು ಕ್ರಿ.ಶ. 750ರದ್ದು, ಗಂಗ ಶ್ರೀಪುರುಷನ ಕಾಲದ್ದು. ಆಮೇಲೆ 2021ರಲ್ಲಿ ಮಿಥಿಕ್ ಸೊಸೈಟಿಯ ಆಸರೆಯಲ್ಲಿ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಶುರುವಾಯಿತು. ಹುಡುಗ ಹಾಕಿದಂಥ ಫೋಟೋಗೆ ಉತ್ತರ ಹೇಳಬಲ್ಲವರು ನಿನ್ನ ಫೋನಿನ ಅಳತೆಯಲ್ಲೇ ಇದ್ದಾರೆ. ಬರೀ ಹೆಬ್ಬೆರಳು ಎತ್ತುವ ಗ್ರೂಪಿಗೂ ಇಂಥ ಗುಂಪಿಗೂ ವ್ಯತ್ಯಾಸ ನೋಡು.

ಫೋಟೋ ತೆಗೆಯುವುದಕ್ಕೂ ಒಂದು ಕ್ರಮ ಇದೆ. ನಡು ಮಧ್ಯಾಹ್ನ ತೆಗೆದರೆ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ಇಲ್ಲವೇ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಲಿ. ಸುಣ್ಣ, ಅರಿಶಿನ, ಪೇಂಟ್ ಹಚ್ಚಿ ಅಕ್ಷರ ಎಬ್ಬಿಸಲು ಹೋಗಬಾರದು. ಟೇಪ್ ಹಿಡಿದು ಎತ್ತರ, ಅಗಲ ಅಳೆಯಲಿ. ಹೊಲದ ಯಜಮಾನರನ್ನು ಕೇಳಿಯೇ ಒಳಗೆ ಕಾಲಿಡಲಿ. ಇದೊಂದು ಮರೆಯಬೇಡ: ಕಲ್ಲಿನ ಗುರುತು ಪೂರ್ತಿ ಬಯಲಿಗೆ ಹಾಕುವ ಮುಂಚೆ ಊರ ಹಿರಿಯರಿಗೆ, ಪಂಚಾಯಿತಿಗೆ ತಿಳಿಸು. ಕಲ್ಲಿನ ಕೆಳಗೆ ನಿಧಿ ಇದೆ ಅಂತ ರಾತ್ರೋರಾತ್ರಿ ಅಗೆಯುವ ಮಹಾನುಭಾವರಿಗೆ ನಾವೇ ದಾರಿ ತೋರಿಸಿದಂತೆ ಆಗಬಾರದು.

ಬರೆಸುವಾಗ ಒಂದು ತೊಡಕು ಬರುತ್ತದೆ. ನನಗೆ ಇಡೀ ವಿಷಯದಲ್ಲಿ ಇಷ್ಟವಾಗುವುದು ಈ ತೊಡಕೇ. "ನಮ್ಮಜ್ಜಿ ಇದನ್ನ ವೀರಣ್ಣನ ಕಲ್ಲು ಅಂತಾರೆ, ಹಬ್ಬಕ್ಕೆ ಮರಿ ಕಡೀತಾರೆ" ಅಂತ ಹುಡುಗ ವಿಕಿಗೆ ಬರೆದರೆ ಅಲ್ಲಿಯವರು ಆಧಾರ ಎಲ್ಲಿ ಅಂತ ಕೇಳಿ ತೆಗೆದುಹಾಕುತ್ತಾರೆ. ಪ್ರಕಟವಾದ ಆಧಾರವಿಲ್ಲದ್ದು ಅಲ್ಲಿ ನಿಲ್ಲದು. ಮಗು ಮುನಿಸಿಕೊಂಡು ನಿನ್ನ ಹತ್ತಿರ ಬರುತ್ತದೆ. ಆಗ ಶುರುವಾಗುತ್ತದೆ ನೋಡು ಚರಿತ್ರೆಯ ಪಾಠ. ಶಾಸನದ ಮಾತು ಯಾವುದು, ರೈಸ್ ಓದಿದ್ದು ಯಾವುದು, ಅಜ್ಜಿ ಹೇಳಿದ್ದು ಯಾವುದು, ನಾನು ಊಹಿಸಿದ್ದು ಯಾವುದು? ಈ ನಾಲ್ಕನ್ನು ಬೇರೆ ಮಾಡಿಸಲು ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದು ಬರೆದು ಸೋತೆ. ಗುರುತಿಲ್ಲದ ಯಾರೋ ಒಬ್ಬರು ಅಳಿಸಿದ ಒಂದು ಸಾಲು ಅದನ್ನು ಒಂದು ಸಂಜೆಯಲ್ಲಿ ಕಲಿಸಿಬಿಡುತ್ತದೆ. ಅಜ್ಜಿಯ ಮಾತನ್ನು ಬಿಸಾಕಬೇಡ. ಅದಕ್ಕೆ ನಿಮ್ಮ ಕ್ಲಾಸಿನದೇ ಒಂದು ಬ್ಲಾಗ್ ಮಾಡು. ಯಾರು ಹೇಳಿದರು, ಎಂದು ಹೇಳಿದರು ಅಂತ ಬರೆದು, ಅಜ್ಜಿಯನ್ನು ಕೇಳಿ ಹಾಕಲಿ.

ಎಐಗೆ "ಗಂಗರ ಆಡಳಿತ" ಅಂತ ಕೊಟ್ಟರೆ ಎರಡು ಪುಟ ಉದುರಿಸಿಬಿಡುತ್ತದೆ ಅಂತ ನೀನೇ ಗೊಣಗಿದೆ. ಉದುರಿಸಲಿ ಬಿಡು. ಹೊಲದ ಬದುವಿನ ಕಲ್ಲು ಎಷ್ಟು ಅಡಿ ಅಂತ ಅದಕ್ಕೆ ಗೊತ್ತಿಲ್ಲ.

ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿಸು, ಆದರೆ ತಪ್ಪಿಗೆ ಎಲ್ಲರ ಮುಂದೆ ಕೆಂಪು ಗೆರೆ ಎಳೆಯಬೇಡ. ನಿನ್ನ ಮಕ್ಕಳಲ್ಲಿ ಮನೆಯಲ್ಲಿ ತೆಲುಗು ಆಡುವವರು, ತಮಿಳು, ಉರ್ದು ಆಡುವವರು ಎಷ್ಟೋ ಮಂದಿ. ಹಕಾರ ಅಕಾರದ ಗಲಾಟೆಯಂತೂ ನಮ್ಮೆಲ್ಲರ ಮನೆಯದು. ಹೊಸಕೋಟೆ ಸೀಮೆಯಲ್ಲಿ ಚೋಳರ ಕಾಲದ ತಮಿಳು ಶಾಸನಗಳೇ ಬೇಕಾದಷ್ಟಿವೆ, ನಾಚುವ ಅಗತ್ಯ ಯಾರಿಗೂ ಇಲ್ಲ.

ರಾತ್ರಿ ಒಂಬತ್ತರ ಮೇಲೆ ಏನೂ ಕಳಿಸಬೇಡ, ಉತ್ತರವನ್ನೂ ಕಾಯಬೇಡ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ, ಏರ್‌ಪೋರ್ಟಿನ ಗೋದಾಮಿನಲ್ಲಿ ನೈಟ್ ಶಿಫ್ಟ್ ಮಾಡಿ ಬೆಳಿಗ್ಗೆ ಕ್ಲಾಸಿಗೆ ಬರುವ ಹುಡುಗರಿರುತ್ತಾರೆ. ಮನೆಗೆಲ್ಲ ಒಂದೇ ಫೋನ್ ಇರುವವರೂ ಇರುತ್ತಾರೆ. ವೀಡಿಯೊ ಬೇಕೇಬೇಕು ಅಂದರೆ ಕಾಲೇಜಿನ ಕಂಪ್ಯೂಟರಿನಲ್ಲಿ ತೋರಿಸು, ಅವರ ಡೇಟಾ ಖರ್ಚು ಮಾಡಿಸಬೇಡ. ನಿನಗೂ ಮನೆ ಮಠ ಇದೆ.

ಸರಿ, ನೀನು ಈಗಲೇ ಗ್ರೂಪ್ ತೆರೆದು ಮೇಲಕ್ಕೆ ಹೋಗು, ಹೊಯ್ಸಳರಿಗಿಂತ ಸ್ವಲ್ಪ ಮೇಲೆ. ಆ ಹುಡುಗನಿಗೆ ಬರೆ. ನಿನಗೆ ಓದಲಾಗದಿದ್ದರೆ "ನನಗೂ ಗೊತ್ತಿಲ್ಲಪ್ಪ" ಅಂತಲೇ ಬರೆ. ಸಂಜೆ ಐದಕ್ಕೆ ಇನ್ನೊಂದು ಫೋಟೋ ತೆಗೆಯಲು ಹೇಳು, ಈ ಸಲ ಎಡಗಡೆಯಿಂದ, ಕೆಳಗಿನ ಹುಲ್ಲನ್ನು ಕೈಯಲ್ಲಿ ಸರಿಸಿ. ಬಂದರೆ ನನಗೂ ಕಳಿಸು. ನನಗೆ ಮೂರನೇ ಸಾಲಿನಲ್ಲಿ "ತುರು" ಅಂತ ಕಂಡ ಹಾಗಾಯಿತು.