ತೂಕ ಇಳಿಸುವವರಿಗೆ ನಮ್ಮ ನೆಲದ ಊಟ

ನಮ್ಮ ಶಾಲೆಯು ಐವತ್ತು ವಸಂತಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗಾಗಿ ಉಪಯುಕ್ತವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಇದೇ ಶಾಲೆಯಲ್ಲಿ ಕಲಿತು, ಅನಂತರ ಅನೇಕ ವರ್ಷ ಜೀವಶಾಸ್ತ್ರವನ್ನು ಬೋಧಿಸಿ ನಿವೃತ್ತನಾದ ನನಗೆ, ಆಹಾರ ಮತ್ತು ದೇಹತೂಕದ ವಿಷಯವೇ ಯೋಗ್ಯವೆಂದು ತೋರಿತು. ಅದಕ್ಕೆ ಕಾರಣವೂ ಇದೆ. ಹಳೆಯ ವಿದ್ಯಾರ್ಥಿಗಳು ಎಲ್ಲಿಯೇ ಕೂಡಲಿ, ಮೊದಲು ಮಕ್ಕಳ ಓದು ಮತ್ತು ನೌಕರಿಯ ಮಾತು ಬರುತ್ತದೆ. ಅದು ಮುಗಿಯುವುದರೊಳಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವುಗಳ ಮಾತು ಆರಂಭವಾಗುತ್ತದೆ. ಹಳ್ಳಿಗಳಿಂದ ನಿತ್ಯವೂ ಎರಡು ಮೂರು ಮೈಲಿ ನಡೆದು ಶಾಲೆಗೆ ಬರುತ್ತಿದ್ದ ಗೆಳೆಯರೇ ಇಂದು ಮಹಡಿಯ ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತಿದ್ದಾರೆ. ಕೆಲವರು ಅರವತ್ತು ತುಂಬುವ ಮೊದಲೇ ನಮ್ಮನ್ನಗಲಿದ್ದಾರೆ. ಆದ್ದರಿಂದ ಈ ಲೇಖನವನ್ನು ಒಂದು ಪಾಠವೆಂದೇ ಭಾವಿಸಿ ಓದಬೇಕೆಂದು ವಿನಂತಿಸುತ್ತೇನೆ.

ತೂಕವನ್ನು ಅಳೆಯುವುದು ಹೇಗೆ?

ಮೊದಲು ಲೆಕ್ಕವನ್ನು ತಿಳಿಯೋಣ. ದೇಹದ ತೂಕವನ್ನು ಕಿಲೋಗ್ರಾಂಗಳಲ್ಲಿ ತೆಗೆದುಕೊಂಡು, ಎತ್ತರವನ್ನು ಮೀಟರುಗಳಲ್ಲಿ ಬರೆದು, ಅದರ ವರ್ಗದಿಂದ ಭಾಗಿಸಬೇಕು. ಬರುವ ಸಂಖ್ಯೆಗೆ ದೇಹತೂಕ ಸೂಚ್ಯಂಕ ಎನ್ನುತ್ತಾರೆ. ಭಾರತೀಯರಿಗೆ ಅದು 23ರಿಂದ ಅಧಿಕ ತೂಕವೆಂದೂ, 25ರಿಂದ ಬೊಜ್ಜೆಂದೂ ಪರಿಗಣಿಸಲಾಗುತ್ತದೆ. 165 ಸೆಂಟಿಮೀಟರ್ ಎತ್ತರದವರು 63 ಕಿಲೋ ಮುಟ್ಟಿದರೆ ಎಚ್ಚರ ವಹಿಸಬೇಕು, 68 ಕಿಲೋ ದಾಟಿದರೆ ಕಾರ್ಯಪ್ರವೃತ್ತರಾಗಬೇಕು. ತಕ್ಕಡಿ ಇಲ್ಲದಿದ್ದರೆ ಅಳತೆಪಟ್ಟಿಯೇ ಸಾಕು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಮಧುಮೇಹವಿದ್ದರೆ, ಶೇಕಡಾ 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ. ಇದು ಕೇವಲ ಪಟ್ಟಣದ ಸಿರಿವಂತರ ಕಾಯಿಲೆಯೆಂದು ತಿಳಿಯುವ ಕಾಲ ಹೋಯಿತು.

ಬದಲಾದದ್ದು ಏನು?

ಜಹೀರಾಬಾದ್ ಮತ್ತು ನಾರಾಯಣಖೇಡ 1956ರವರೆಗೆ ಬೀದರ ಜಿಲ್ಲೆಯಲ್ಲಿಯೂ, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಗಡಿಯ ಗೆರೆ ಸರಿದರೂ ಒಲೆಯ ಮೇಲಿನ ಹಂಚು ಸರಿಯಲಿಲ್ಲ. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಯ, ಅಗಸಿ ಹಿಂಡಿ, ಮಜ್ಜಿಗೆ, ಇವೇ ಕನ್ನಡ ಮನೆಗಳ ನಿತ್ಯದ ಊಟವಾಗಿದ್ದವು. ತೆಲುಗು ನೆರೆಹೊರೆಯವರ ಊಟವೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ.

1983ರಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರವು ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಡುವ ಯೋಜನೆಯನ್ನು ಜಾರಿಗೆ ತಂದಿತು. ಅದು ಬಡವರ ಹಸಿವನ್ನು ನೀಗಿಸಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮಳೆಯಾಶ್ರಿತ ಹೊಲದ ಜೋಳ, ಸಜ್ಜೆ, ನವಣೆಗಳು ಕ್ರಮೇಣ ತಟ್ಟೆಯಿಂದ ಹಿಂದೆ ಸರಿದವು. ಅವುಗಳೊಂದಿಗೆ, ರೊಟ್ಟಿಗೆ ಜೊತೆಯಾಗಿದ್ದ ಪಲ್ಯವೂ ಕಡಿಮೆಯಾಯಿತು. ಅನ್ನಕ್ಕೆ ತೆಳುವಾದ ಸಾರೊಂದಿದ್ದರೆ ಸಾಕಾಯಿತು. ಇದೇ ಅವಧಿಯಲ್ಲಿ ದೇಹಶ್ರಮವೂ ಇಳಿಯಿತು. ಜಹೀರಾಬಾದಿನಲ್ಲಿಯೇ ಟ್ರ್ಯಾಕ್ಟರುಗಳು ತಯಾರಾಗತೊಡಗಿದವು. ಬೀಸುವ ಕಲ್ಲು ಮೂಲೆ ಸೇರಿತು. ನಡೆಯುವ ದಾರಿಯಲ್ಲಿ ಆಟೋ ಬಂದಿತು. ಶ್ರಮ ಇಳಿದಷ್ಟು ಊಟ ಇಳಿಯಲಿಲ್ಲ. ಬದಲಿಗೆ ಎಣ್ಣೆ ಮತ್ತು ಸಕ್ಕರೆ ಏರಿದವು. ತೂಕ ಹೆಚ್ಚಲು ಇದಕ್ಕಿಂತ ಗಹನವಾದ ಕಾರಣವನ್ನು ಹುಡುಕಬೇಕಾಗಿಲ್ಲ.

ಜೋಳವು ಔಷಧಿಯಲ್ಲ

ಈಚೆಗೆ ಸಿರಿಧಾನ್ಯಗಳ ಬಗೆಗೆ ಬಹಳ ಪ್ರಚಾರ ನಡೆದಿದೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಇದು ಸಂತೋಷದ ಸಂಗತಿ. ಆದರೆ ಅಕ್ಕಿಯನ್ನು ಬಿಟ್ಟು ಜೋಳ ತಿಂದ ಮಾತ್ರಕ್ಕೆ ತೂಕ ತಾನಾಗಿ ಇಳಿಯುತ್ತದೆಂಬ ನಂಬಿಕೆ ಸರಿಯಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕಗಳಂತೆ, 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ ಶಕ್ತಿಯಿದ್ದರೆ ಅಷ್ಟೇ ಜೋಳದಲ್ಲಿ ಸುಮಾರು 334 ಕ್ಯಾಲೊರಿ ಇದೆ. ವ್ಯತ್ಯಾಸ ಅತ್ಯಲ್ಪ.

ಹಾಗಾದರೆ ಪ್ರಯೋಜನವೇನು? ನಾರಿನಂಶವನ್ನು ನೋಡಿರಿ. ಅಕ್ಕಿಯಲ್ಲಿ ಅದು 3 ಗ್ರಾಂಗಿಂತ ಕಡಿಮೆ. ಜೋಳದಲ್ಲಿ ಸುಮಾರು 10 ಗ್ರಾಂ, ಸಜ್ಜೆಯಲ್ಲಿ 11 ಗ್ರಾಂಗಿಂತಲೂ ಹೆಚ್ಚು. ನಾರು ಹೊಟ್ಟೆಯನ್ನು ತುಂಬುತ್ತದೆ, ಜೀರ್ಣಕ್ರಿಯೆಯನ್ನು ನಿಧಾನಗೊಳಿಸುತ್ತದೆ, ರಕ್ತದಲ್ಲಿ ಸಕ್ಕರೆಯು ಒಮ್ಮೆಗೇ ಏರುವುದನ್ನು ತಡೆಯಲು ನೆರವಾಗುತ್ತದೆ. ಮೇಲಾಗಿ ರೊಟ್ಟಿಯನ್ನು ಮುರಿದು ಅಗಿಯಬೇಕು. ಮೆತ್ತನೆಯ ಅನ್ನದಂತೆ ಸರಸರನೆ ನುಂಗಲಾಗದು. ಅಗಿಯುವ ಹೊತ್ತಿನಲ್ಲಿ ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ತಲುಪುತ್ತದೆ. ಆದರೂ 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 170 ಕ್ಯಾಲೊರಿ ಇರುವುದನ್ನು ಮರೆಯಬಾರದು. ಹೊಲದಲ್ಲಿ ದುಡಿಯುವವನಿಗೆ ಐದು ರೊಟ್ಟಿ ಬೇಕಾಗಬಹುದು. ಅಂಗಡಿಯ ಗಲ್ಲೆಯ ಮೇಲೆ ಕುಳಿತವನಿಗೆ ಎರಡು ಸಾಕು.

ತಟ್ಟೆಯ ಲೆಕ್ಕ

ಆದ್ದರಿಂದ ಧಾನ್ಯವನ್ನಷ್ಟೇ ಅಲ್ಲ, ಇಡೀ ತಟ್ಟೆಯನ್ನು ನೋಡಬೇಕು. ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ, ನಮ್ಮ ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇಕಡಾ 45ನ್ನು ಮೀರಬಾರದು. ದಿನಕ್ಕೆ 2000 ಕ್ಯಾಲೊರಿಯ ಊಟದಲ್ಲಿ 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಇರಬೇಕು. ನಮ್ಮಲ್ಲಿ ಅನೇಕರ ತಟ್ಟೆಯಲ್ಲಿ ಧಾನ್ಯವೇ ಬೆಟ್ಟವಾಗಿ, ಪಲ್ಯವು ಅಂಚಿನಲ್ಲಿ ಒಂದು ಚಮಚದಷ್ಟಿರುತ್ತದೆ. ಇದನ್ನು ತಿರುಗಿಸಬೇಕು. ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಬೇಳೆಕಾಳು, ಉಳಿದ ಕಾಲು ಭಾಗ ರೊಟ್ಟಿ ಅಥವಾ ಅನ್ನ, ಇಷ್ಟನ್ನು ನೆನಪಿಟ್ಟರೆ ದಿನವೂ ತೂಗುವ ಕೆಲಸವಿಲ್ಲ.

ಬೇಳೆಯ ವಿಷಯದಲ್ಲಿ ನಾವು ಭಾಗ್ಯವಂತರು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆತಿದೆ. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 21 ಗ್ರಾಂ ಪ್ರೋಟೀನ್ ಇರುತ್ತದೆ. ತೂಕ ಇಳಿಸುವಾಗ ಸ್ನಾಯುಗಳು ಕರಗದಂತೆ ಕಾಪಾಡಲು ಪ್ರೋಟೀನ್ ಅತ್ಯವಶ್ಯಕ. ಬೇಳೆಯನ್ನು ನೀರಾಗಿಸದೆ ಗಟ್ಟಿಯಾಗಿ ಮಾಡಬೇಕು. ಮೊಳಕೆ ಬಂದ ಹೆಸರು ಮತ್ತು ಮಡಕಿ ಕಾಳುಗಳ ಉಸಳಿ, ಅಲಸಂದಿ, ಹುರುಳಿ, ಕಡಲೆಗಳನ್ನು ಸರದಿಯಂತೆ ಬಳಸಬೇಕು. ಮಾಂಸಾಹಾರಿಗಳು ಅದನ್ನು ತೊರೆಯಬೇಕೆಂದು ನಾನು ಹೇಳುತ್ತಿಲ್ಲ. ತಟ್ಟೆಯ ಬಹುಭಾಗ ಗಿಡದಿಂದ ಬರಲಿ ಎಂಬುದಷ್ಟೇ ತಾತ್ಪರ್ಯ.

ಒಂದು ದಿನದ ಮಾದರಿ ಹೀಗಿರಬಹುದು. ಬೆಳಿಗ್ಗೆ ಒಂದು ರೊಟ್ಟಿ, ಒಂದು ಬಟ್ಟಲು ಉಸಳಿ. ಮಧ್ಯಾಹ್ನ ಎರಡು ರೊಟ್ಟಿ, ದೊಡ್ಡ ಬಟ್ಟಲು ಪುಂಡಿ ಅಥವಾ ಮೆಂತ್ಯದ ಪಲ್ಯ, ಗಟ್ಟಿ ಬ್ಯಾಳಿ, ಹಸಿ ಮೂಲಂಗಿ, ಸೌತೆ, ಉಳ್ಳಾಗಡ್ಡಿ, ಬೆಣ್ಣೆ ತೆಗೆದ ಮಜ್ಜಿಗೆ. ಸಂಜೆ ಒಂದು ಪೇರಲ ಹಣ್ಣು ಅಥವಾ ಹಿಡಿ ಹುರಿಗಡಲೆ. ರಾತ್ರಿ ಎಂಟರೊಳಗೆ ಸಣ್ಣ ಬಟ್ಟಲು ನವಣೆ ಅನ್ನ, ಬೇಳೆ, ತರಕಾರಿ. ಎಣ್ಣೆ ಮಿತವಾಗಿದ್ದರೆ ಇದು ಸುಮಾರು 1600 ಕ್ಯಾಲೊರಿಯೊಳಗೆ ಮುಗಿಯುತ್ತದೆ. ಹೊಟ್ಟೆ ಹಸಿದಿರುವುದೂ ಇಲ್ಲ.

ಪಸ್ತಾಪುರದ ಹೊಲಗಳ ಪಾಠ

ಈ ತಟ್ಟೆಗೆ ಬೇಕಾದುದನ್ನು ದೂರದಿಂದ ತರಬೇಕಾಗಿಲ್ಲ. ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯು 1983ರಿಂದ ಕೆಲಸ ಮಾಡುತ್ತ ಬಂದಿದೆ. ಅದರ ಸ್ಥಾಪಕರಲ್ಲಿ ಪ್ರಮುಖರೂ ದೀರ್ಘಕಾಲ ಅದರ ಚಾಲಕಶಕ್ತಿಯೂ ಆಗಿದ್ದ ಪಿ.ವಿ. ಸತೀಶ್ ಅವರು ಮೈಸೂರಿನವರು, ಕನ್ನಡಿಗರು. 2023ರ ಮಾರ್ಚ್ ತಿಂಗಳಲ್ಲಿ ನಿಧನರಾದರು. ಇಲ್ಲಿಯ ಸಂಘಗಳ ಮಹಿಳೆಯರು, ಬಹುಪಾಲು ದಲಿತ ಕುಟುಂಬದವರು, ಬೀಳುಬಿದ್ದ ಜಮೀನನ್ನು ಹಸನು ಮಾಡಿ, ಒಂದೇ ಹೊಲದಲ್ಲಿ ಜೋಳ, ತೊಗರಿ, ಸಜ್ಜೆ, ನವಣೆ, ಅಲಸಂದಿಗಳನ್ನು ಕೂಡಿಸಿ ಬಿತ್ತಿ, ಬೀಜವನ್ನು ಮನೆಯಲ್ಲಿಯೇ ಕಾಪಿಟ್ಟರು. ಮಾಚನೂರಿನಲ್ಲಿ 2008ರಿಂದ ತಮ್ಮದೇ ಸಂಘಂ ರೇಡಿಯೋವನ್ನೂ ನಡೆಸಿದರು. 2019ರಲ್ಲಿ ಇವರಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಲಭಿಸಿತು.

ಇಂತಹ ಹೊಲದಲ್ಲಿ ಬಿತ್ತದೆ ಬರುವ ಸೊಪ್ಪುಗಳೂ ಇವೆ. ರಾಸಾಯನಿಕ ಕಳೆನಾಶಕ ಸಿಂಪಡಿಸಿದಲ್ಲಿ ಅವು ಉಳಿಯುವುದಿಲ್ಲ. ಒಮ್ಮೆ ನಾನು ಹೊಲದ ಬದುವಿನಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹಿರಿಯ ಹೆಣ್ಣುಮಗಳೊಬ್ಬರನ್ನು, "ಯಾವಾಗ ಬಿತ್ತಿದ್ದವ್ವಾ ಇದು?" ಎಂದು ಕೇಳಿದೆ. ಅವರು ನಕ್ಕು, "ಇದಕ್ಕ ಬಿತ್ತೋರು ಯಾರ್ರೀ ಮಾಸ್ತರ? ಮಳಿ ಬಂದ್ರ ತಾನೇ ಬರ್ತದ, ನಾವು ಕೊಯ್ಕೊಂಡು ಉಣ್ತೀವಿ" ಎಂದರು. ಹೊನಗೊನ್ನೆ, ಗೋಳಿ, ಕಿರಕಸಾಲಿ ಮುಂತಾದ ಸೊಪ್ಪುಗಳಲ್ಲಿ ಕ್ಯಾಲೊರಿ ಬಹಳ ಕಡಿಮೆ. ಸುಣ್ಣದಂಶ, ಕಬ್ಬಿಣ, ನಾರು ಹೇರಳ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಕುಳಿತು ಉಣ್ಣುವ ಭಜ್ಜಿಯನ್ನು ನೆನಪಿಸಿಕೊಳ್ಳಿರಿ. ಹಸಿ ಕಾಳು, ಹತ್ತಾರು ಸೊಪ್ಪು, ತರಕಾರಿಗಳೆಲ್ಲ ಕೂಡಿದ ಆ ಭಜ್ಜಿಯನ್ನು ಸಜ್ಜೆ ರೊಟ್ಟಿಯೊಡನೆ ಉಣ್ಣುವುದು ವರ್ಷಕ್ಕೊಮ್ಮೆಯ ಹಬ್ಬವಾಗಿದೆ. ವಾರಕ್ಕೊಮ್ಮೆ ಅದನ್ನು ಮಾಡಿದರೆ ವೈದ್ಯರು ಹೇಳುವ ಪಥ್ಯಕ್ಕೆ ಇದಕ್ಕಿಂತ ರುಚಿಯಾದ ದಾರಿಯಿಲ್ಲ.

ಕಣ್ಣಿಗೆ ಕಾಣದ ಭಾರ

ಒಳ್ಳೆಯ ಆಹಾರದಲ್ಲಿಯೂ ಮಿತಿ ಬೇಕು. ಒಂದು ಸಣ್ಣ ಚಮಚ ಎಣ್ಣೆಯಲ್ಲಿ ಸುಮಾರು 45 ಕ್ಯಾಲೊರಿ ಇದೆ. ಎಣ್ಣೆಗಾಯಿಯಲ್ಲಿ ತೇಲುವ ಎಣ್ಣೆ ಎಷ್ಟು ಚಮಚವೆಂದು ಅಡುಗೆ ಮಾಡುವವರು ಒಮ್ಮೆ ಅಳೆದು ನೋಡಲಿ. ಒಂದು ಹಿಡಿ ಶೇಂಗಾದಲ್ಲಿ 160 ಕ್ಯಾಲೊರಿಯಷ್ಟಿರುತ್ತದೆ. ಆದಕಾರಣ ಶೇಂಗಾ ಹಿಂಡಿ ಒಂದೆರಡು ಚಮಚಕ್ಕೆ ನಿಲ್ಲಲಿ. ಎರಡು ಚಮಚ ಸಕ್ಕರೆಯ ಚಹಾವನ್ನು ದಿನಕ್ಕೆ ನಾಲ್ಕು ಬಾರಿ ಕುಡಿದರೆ ಸಕ್ಕರೆಯೊಂದರಿಂದಲೇ 160 ಕ್ಯಾಲೊರಿ ಸೇರುತ್ತದೆ; ಅಂದರೆ ಹೆಚ್ಚುಕಡಿಮೆ ಒಂದು ರೊಟ್ಟಿ. ಬೆಲ್ಲ ಹಾಕಿದರೂ ಲೆಕ್ಕ ಅದೇ. ಉಪ್ಪು ಎಲ್ಲ ಸೇರಿ ದಿನಕ್ಕೆ 5 ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳಗಳೂ ಈ ಲೆಕ್ಕದೊಳಗೇ ಬರುತ್ತವೆ.

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಅಡಗಿರುತ್ತದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದರೆ ಆರಂಭದಲ್ಲಿ ವಾರಕ್ಕೆ ಅರ್ಧ ಕಿಲೋ ಇಳಿಯಬಹುದು. ಬರಬರುತ್ತ ವೇಗ ತಗ್ಗುತ್ತದೆ. ನಿವೃತ್ತಿಯ ನಂತರ ನನ್ನ ತೂಕ 82 ಕಿಲೋ ಇತ್ತು. ಮೇಲೆ ಹೇಳಿದ ಕ್ರಮದಿಂದ ಹದಿನಾಲ್ಕು ತಿಂಗಳಲ್ಲಿ 74ಕ್ಕೆ ಬಂದಿತು. ಅದರಲ್ಲಿ ನಾಲ್ಕು ತಿಂಗಳು ಮುಳ್ಳು ಅಲುಗಾಡಲೇ ಇಲ್ಲ. ತಾಳ್ಮೆಯೂ ಪಥ್ಯದ ಒಂದು ಭಾಗವೆಂದು ಆಗ ಅರಿತೆ.

ನಡಿಗೆ, ನಿದ್ರೆ ಮತ್ತು ಕೆಲವು ಎಚ್ಚರಿಕೆಗಳು

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸಿನ ನಡಿಗೆಯಂತಹ ಶ್ರಮವನ್ನೂ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ವಿಧಿಸಿದೆ. ಊಟದ ನಂತರ ಹತ್ತು ಹದಿನೈದು ನಿಮಿಷ ಅಡ್ಡಾಡುವುದು ರಕ್ತದ ಸಕ್ಕರೆಯ ಹತೋಟಿಗೆ ಬಹಳ ಸಹಾಯಕ. ಏಳು ಗಂಟೆಯ ನಿದ್ರೆಯನ್ನು ಕಳೆದುಕೊಂಡವರಿಗೆ ಮರುದಿನ ಹಸಿವು ಹೆಚ್ಚುವುದುಂಟು.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಊಟ ತಗ್ಗಿಸಬಾರದು. ಸಕ್ಕರೆಯು ಅಪಾಯಕರವಾಗಿ ಇಳಿಯಬಹುದು. ಮೂತ್ರಪಿಂಡದ ತೊಂದರೆಯುಳ್ಳವರು ಬೇಳೆ ಮತ್ತು ಸೊಪ್ಪಿನ ಪ್ರಮಾಣವನ್ನು ಕೇಳಿಯೇ ನಿರ್ಧರಿಸಬೇಕು. ಗರ್ಭಿಣಿಯರೂ ಬೆಳೆಯುವ ಮಕ್ಕಳೂ ತೂಕ ಇಳಿಸುವ ಪಥ್ಯ ಹಿಡಿಯಬಾರದು. ಗಿಡಮೂಲದ ಆಹಾರದಲ್ಲಿ ಬಿ12 ಜೀವಸತ್ವ ದೊರೆಯುವುದಿಲ್ಲ. ಹಾಲು ಮೊಸರನ್ನೂ ಬಿಟ್ಟವರು ವೈದ್ಯರ ಸಲಹೆಯಂತೆ ಮಾತ್ರೆ ಪಡೆಯಲೇಬೇಕು. ಸೊಪ್ಪಿನ ಕಬ್ಬಿಣವು ಮೈಗೆ ಹತ್ತಲು ಪಲ್ಯದ ಮೇಲೆ ನಿಂಬೆಹುಳಿ ಹಿಂಡಬೇಕು. ಊಟವಾದೊಡನೆ ಚಹಾ ಕುಡಿಯಬಾರದು.

ಕೊನೆಯದಾಗಿ ನಮ್ಮ ಶಾಲೆಗೆ ಒಂದು ಸಲಹೆ. ಪುಂಡಿಯನ್ನು ತೆಲುಗಿನಲ್ಲಿ ಗೋಂಗೂರ ಎನ್ನುತ್ತಾರೆ, ನವಣೆಯನ್ನು ಕೊರ್ರ ಎನ್ನುತ್ತಾರೆ, ತೊಗರಿಯನ್ನು ಕಂದಿ ಎನ್ನುತ್ತಾರೆ. ಇಂದಿನ ಮಕ್ಕಳಿಗೆ ಅನೇಕ ಸೊಪ್ಪುಗಳ ಹೆಸರು ಯಾವ ಭಾಷೆಯಲ್ಲಿಯೂ ಗೊತ್ತಿಲ್ಲ. ಪ್ರತಿ ಮಳೆಗಾಲದಲ್ಲಿ ವಿದ್ಯಾರ್ಥಿಗಳು ತಮ್ಮ ಅಜ್ಜಿಯರನ್ನು ಕೇಳಿ, ಹೊಲದ ಸೊಪ್ಪುಗಳನ್ನು ಒಣಗಿಸಿ ಪುಸ್ತಕದಲ್ಲಿ ಅಂಟಿಸಿ, ಕನ್ನಡ, ತೆಲುಗು, ಉರ್ದು ಹೆಸರುಗಳನ್ನು ಬರೆದಿಡಲಿ. ಹೆಸರು ಬಲ್ಲವರೇ ಅದನ್ನು ಹುಡುಕಿ ಕೊಯ್ಯುತ್ತಾರೆ, ಅಟ್ಟು ಉಣ್ಣುತ್ತಾರೆ. ಶಾಲೆಯು ಶತಮಾನೋತ್ಸವವನ್ನು ಆಚರಿಸುವಾಗ ಇಂದಿನ ಮಕ್ಕಳು ಆರೋಗ್ಯವಂತ ಹಿರಿಯರಾಗಿ, ತಮ್ಮ ಕಾಲಿನ ಬಲದಿಂದಲೇ ನಡೆದು ಈ ಅಂಗಳಕ್ಕೆ ಬರುವಂತಾಗಲಿ ಎಂದು ಹಾರೈಸುತ್ತೇನೆ.