ಹಸುಗೂಸಿನ ನಿದ್ರೆಗೆ ಜಾಜಿಕಾಯಿ ಬೇಡ

ಎರಡು ತಿಂಗಳ ಕೂಸು ರಾತ್ರಿ ಮೂರು ಸಲ ಎದ್ದು ಅಳುವುದು ರೋಗವಲ್ಲವೆಂಬುದನ್ನು ತಾಯಂದಿರು ಮೊದಲು ತಿಳಿಯಬೇಕು. ನವಜಾತ ಶಿಶು ದಿನಕ್ಕೆ 14ರಿಂದ 17 ಗಂಟೆ ನಿದ್ರಿಸುತ್ತದೆ. ಆದರೆ ಅದರ ಜಠರ ಚಿಕ್ಕದು, ಎದೆಹಾಲು ಬೇಗ ಜೀರ್ಣವಾಗುವಂಥದು. ಎರಡು ಮೂರು ಗಂಟೆಗೊಮ್ಮೆ ಹಸಿಯುವುದು ಸಹಜ. ಹಗಲು-ರಾತ್ರಿಗಳ ಭೇದ ದೇಹಕ್ಕೆ ಒಗ್ಗಲು ಮೂರು ನಾಲ್ಕು ತಿಂಗಳು ಬೇಕು.

ಈ ಅವಧಿಯಲ್ಲಿಯೇ ಕೆಲವು ಮನೆಗಳಲ್ಲಿ ಜಾಜಿಕಾಯಿ ತೇಯ್ದು ನೆಕ್ಕಿಸುವುದು, ಗಸಗಸೆ ಅರೆದು ಕುಡಿಸುವುದು ಉಂಟು. ಇವು ಆಯುರ್ವೇದದ ದ್ರವ್ಯಗಳೇ ಅಲ್ಲವೇ ಎಂದು ನನ್ನನ್ನೇ ಕೇಳುವವರಿದ್ದಾರೆ. ಹೌದು, ಆದರೆ ವಯಸ್ಸು, ಪ್ರಮಾಣಗಳನ್ನು ಅರಿಯದೆ ಕೊಟ್ಟ ದ್ರವ್ಯ ಔಷಧವಾಗದು. ತೇಯುವ ಕಲ್ಲಿನ ಮೇಲೆ ಎಷ್ಟು ಇಳಿಯಿತೆಂಬ ಅಳತೆ ಯಾರ ಬಳಿಯೂ ಇಲ್ಲ. ಜಾಜಿಕಾಯಿ ಹೆಚ್ಚಾದರೆ ಮಂಪರು, ಎದೆಬಡಿತ, ಸೆಳವು ತರಬಲ್ಲದು. ಗಸಗಸೆಗೆ ಅಫೀಮಿನ ಹಾಲು ಅಂಟಿರುವ ಸಂಭವವಿದ್ದು, ಅದು ಕೂಸಿನ ಉಸಿರಾಟವನ್ನೇ ಕುಗ್ಗಿಸೀತು. ಅದನ್ನು ನಿದ್ರೆಯೆನ್ನಲಾಗದು, ಅಮಲು ಎನ್ನಬೇಕು. ಜೇನಂತೂ ಒಂದು ವರ್ಷದೊಳಗೆ ಸಲ್ಲದು.

ಸಂಜೆ ಹಗುರವಾದ ಅಭ್ಯಂಗ, ಬೆಚ್ಚನೆಯ ನೀರಿನ ಸ್ನಾನ, ಹೊಟ್ಟೆತುಂಬ ಎದೆಹಾಲು, ಹೆಗಲ ಮೇಲೆ ಹಾಕಿ ತೇಗಿಸುವುದು, ಇಷ್ಟು ಸಾಕು. ಮೂಗು, ಕಿವಿಗಳಿಗೆ ಎಣ್ಣೆ ಬಿಡಕೂಡದು. ರಾತ್ರಿ ಹಾಲೂಡುವಾಗ ಮಂದ ಬೆಳಕಿರಲಿ. ಮಾತು, ಮೊಬೈಲು ಬೇಡ. ಗಟ್ಟಿ ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕು; ಸಾಸಿವೆಯ ದಿಂಬೂ ಬೇಡ. ನಸುಕಿನಲ್ಲಿ ಅತ್ತೆಯವರೋ ಗಂಡನೋ ಕೂಸನ್ನು ಎತ್ತಿಕೊಂಡು ತಾಯಿಗೆ ಎರಡು ಗಂಟೆ ನಿದ್ರೆ ಒದಗಿಸಿದರೆ ಆ ಮನೆಗೆ ಜಾಜಿಕಾಯಿಯ ನೆನಪೇ ಬಾರದು.

ಜ್ವರವಿರುವ, ಹಾಲು ಬಿಟ್ಟ, ಎಬ್ಬಿಸಿದರೂ ಏಳದ ಕೂಸನ್ನು ಮಾತ್ರ ರಾತ್ರಿಯೆನ್ನದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.