ನೀರಿಳಿದ ಹಳ್ಳದಲ್ಲಿ ಕೊರಮೀನು ಹಿಡಿಯುವ ಕ್ರಮ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ವರದಾ, ಧರ್ಮಾ, ಕುಮುದ್ವತಿ ನದಿಗಳಲ್ಲದೆ ಸಣ್ಣ ಹಳ್ಳಗಳೂ ಅನೇಕ. ಮಳೆಗಾಲದಲ್ಲಿ ದಂಡೆ ತುಂಬಿ ಹರಿಯುವ ಹಳ್ಳ ಬೇಸಿಗೆಯಲ್ಲಿ ಬತ್ತಿ, ಅಲ್ಲಲ್ಲಿ ಮಡುಗಳಷ್ಟೇ ಉಳಿಯುತ್ತವೆ. ಮೀನುಗಳೆಲ್ಲ ಈ ಮಡುಗಳಿಗೆ ಸೇರುವುದರಿಂದ ಹಿಡಿಯುವುದು ಸುಲಭ. ಆದರೆ ಮುಂದಿನ ಮಳೆಗೆ ಹಳ್ಳದಲ್ಲಿ ಮರಿಮಾಡುವ ಮೀನುಗಳೂ ಇವೇ. ಆದ್ದರಿಂದ ಬೀಜಕ್ಕೆ ಕಾಳು ಉಳಿಸಿಕೊಳ್ಳುವಂತೆ ಮಡುವಿನಲ್ಲಿಯೂ ಮೀನು ಉಳಿಸಿ ಹಿಡಿಯಬೇಕು.

ಕೊರಮೀನಿನ ಗುಣ

ಬೇಸಿಗೆಯ ಮಡುವಿನಲ್ಲಿ ಬದುಕಿ ಉಳಿಯುವ ಮುಖ್ಯ ಮೀನು ಕೊರಮೀನು. ಇದನ್ನು ಕುಚ್ಚು, ಮರಲ್ ಎಂದೂ ಕರೆಯುತ್ತಾರೆ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಇಂಥ ನೀರಿನಲ್ಲಿ ಕಾಟ್ಲಾ, ರೋಹು ಮೀನುಗಳು ಬೇಗ ಸೋಲುತ್ತವೆ. ಕೊರಮೀನು ಆಗಾಗ ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡುವುದರಿಂದ ತಾಳಿಕೊಳ್ಳುತ್ತದೆ. ಅದು ಎಲ್ಲಿದೆ ಎಂಬುದು ತಿಳಿಯುವುದೂ ಹೀಗೆ ಮೇಲೆ ಬಂದಾಗಲೇ.

ಹಿಡಿಯುವ ಕ್ರಮ

1. ಬೆಳಿಗ್ಗೆ ಅಥವಾ ಸಂಜೆ ತಂಪು ಹೊತ್ತಿನಲ್ಲಿ ಗಾಳ ಹಾಕುವುದು ಒಳ್ಳೆಯದು.

2. ನೀರು ಕಡಿಮೆಯಿದ್ದಾಗ ಮನುಷ್ಯರ ನೆರಳು, ಹೆಜ್ಜೆಯ ಸದ್ದು ಮೀನಿಗೆ ಬೇಗ ತಿಳಿಯುತ್ತದೆ. ದಂಡೆಯಿಂದ ಹಿಂದೆ ಸರಿದು, ನೆರಳು ನೀರಿನ ಮೇಲೆ ಬೀಳದಂತೆ ಕುಳಿತುಕೊಳ್ಳಬೇಕು.

3. ಎರೆಹುಳು ಅಥವಾ ಸಣ್ಣ ಮೀನನ್ನು ಗಾಳಕ್ಕೆ ಸಿಕ್ಕಿಸಿ, ಜೊಂಡು ಮತ್ತು ಮರದ ಬೇರುಗಳ ಅಂಚಿನಲ್ಲಿ ನಿಧಾನವಾಗಿ ಎಳೆಯಬೇಕು. ಕೊರಮೀನು ಅಡಗಿದ್ದು ಬೇಟೆಯಾಡುತ್ತದೆ.

4. ಮೀನಿಗೆ ಬಲ ಹೆಚ್ಚು. ಗಟ್ಟಿ ನೈಲಾನ್ ದಾರವನ್ನೇ ಬಳಸಬೇಕು.

5. ಸಣ್ಣ ಮಡುವಿನಲ್ಲಿ ಬೀಸುಬಲೆ ಹಾಕಬಾರದು. ಮರಿಗಳೂ ಸಿಕ್ಕಿ, ಕೆಲವೇ ಬೀಸಿನಲ್ಲಿ ಮಡು ಬರಿದಾಗುತ್ತದೆ. ಪಂಪಸೆಟ್ಟಿನಿಂದ ನೀರು ಬಸಿದು ಹಿಡಿಯುವುದಂತೂ ಸಲ್ಲದು.

ಬಿಡಬೇಕಾದ ಮೀನು

ಒಂದು ಅಡಿಗಿಂತ ಚಿಕ್ಕ ಕೊರಮೀನನ್ನು ಒದ್ದೆ ಕೈಯಿಂದ ಹಿಡಿದು ನೀರಿಗೆ ಬಿಡಬೇಕು. ಮಳೆ ಬಂದ ಮೇಲೆ ಮರಿಗಳು ಗುಂಪಾಗಿ ನೀರಿನ ಮೇಲ್ಭಾಗದಲ್ಲಿ ಓಡಾಡುತ್ತವೆ. ತಾಯಿ ತಂದೆ ಮೀನು ಅವನ್ನು ಕಾಯುತ್ತಿರುತ್ತವೆ. ಕಾಯುವ ಮೀನು ಗಾಳಕ್ಕೆ ಬೇಗ ಎರಗುತ್ತದೆ. ಅದನ್ನು ಹಿಡಿದರೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಆ ದಿನಗಳಲ್ಲಿ ಮರಿಯ ಗುಂಪಿನ ಹತ್ತಿರ ಗಾಳ ಹಾಕಲೇಬಾರದು.

ವಿಷ, ಮದ್ದು ಬೇಡ

ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ಮಡುವಿಗೆ ಸುರಿದು ಮೀನು ಹಿಡಿಯುವುದು ಬಹಳ ಅಪಾಯಕಾರಿ. ದೊಡ್ಡ ಮೀನಿನೊಡನೆ ಮರಿ, ಕಪ್ಪೆ, ಏಡಿಗಳೂ ಸಾಯುತ್ತವೆ. ಆ ಮೀನು ತಿಂದವರಿಗೂ, ಆ ನೀರು ಕುಡಿದ ದನಕರುಗಳಿಗೂ ಕೇಡು. ನೀರಿಗೆ ವಿಷ ಹಾಕಿ ಅಥವಾ ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಲ್ಲಿಯೇ ಅಪರಾಧವೆಂದು ಹೇಳಿದೆ. ಕೀಟನಾಶಕದ ಡಬ್ಬಿ, ಸ್ಪ್ರೇಯರ್‌ಗಳನ್ನು ಸಹ ಹಳ್ಳದಲ್ಲಿ ತೊಳೆಯಬಾರದು.

ಗುತ್ತಿಗೆ ಕೊಟ್ಟ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆದಾರರದು. ಅಲ್ಲಿ ಗಾಳ ಹಾಕುವ ಮೊದಲು ಒಪ್ಪಿಗೆ ಪಡೆಯತಕ್ಕದ್ದು.

ಊರಿನವರು ಕೂಡಿ, ಹಳ್ಳದ ಅತ್ಯಂತ ಆಳವಾದ ಒಂದು ಮಡುವಿನಲ್ಲಿ ಮಳೆ ಬರುವವರೆಗೆ ಯಾರೂ ಮೀನು ಹಿಡಿಯಕೂಡದೆಂದು ಗೊತ್ತುಮಾಡಿಕೊಂಡರೆ ಖರ್ಚಿಲ್ಲದೆ ಮೀನಿನ ಸಂತತಿ ಉಳಿಯುತ್ತದೆ. ಹೊಸ ನೀರು ಬಂದಾಗ ಆ ಮಡುವಿನ ಮೀನುಗಳೇ ಇಡೀ ಹಳ್ಳಕ್ಕೆ ಹರಡುತ್ತವೆ.